ಪೀಪಾಯಿಗೆ ಎಷ್ಟು?

ಬುಧವಾರ ಬೆಳಿಗ್ಗೆ, ಕಾವಳದಲ್ಲಿ ಲಾರಿ ಏರು ಹತ್ತುವಾಗ
ಅಡ್ಡ ಬಂದು ನಿಂತರು ಮೂವರು.
ಸ್ಕೂಲಿನ ಬೂದು ಸ್ವೆಟರು, ಕೈಯಲ್ಲಿ ರಟ್ಟಿನ ಹಲಗೆ,
ಹಲಗೆಗೆ ದಾರದಿಂದ ಕಟ್ಟಿದ ಪೆನ್ಸಿಲು.
"ಪೀಪಾಯಿಗೆ ಎಷ್ಟು, ದೋನ್ ಅನಾಕ್ಲೆತೋ?"

ಲಿಮಾದ ಈ ಬೋಳು ಗುಡ್ಡದಲ್ಲಿ ಹತ್ತೊಂಬತ್ತು ವರ್ಷದಿಂದ
ನೀರು ಮಾರುತ್ತಿದ್ದೇನೆ.
ದರಕ್ಕೆ ಜಗಳವಾಡಿದವರು ಎಷ್ಟೋ ಮಂದಿ,
ಬರೆದುಕೊಂಡವರು ಯಾರೂ ಇಲ್ಲ.

ಕೆಳಗಿನ ತಿರುವಿನಲ್ಲಿ ಮೂರು ಸೋಲು ಅಂದೆ,
ನಮ್ಮ ದುಡ್ಡಿನ ಹೆಸರದು.
ಬೇಕರಿಯ ಹತ್ತಿರ ನಾಲ್ಕು.
ರಸ್ತೆ ಮುಗಿದು ಮೆಟ್ಟಿಲು ಶುರುವಾಗುವಲ್ಲಿ ಆರು.
ಏರಿದಷ್ಟೂ ಸೋಲು ಹೆಚ್ಚು.
"ಯಾಕೆ?" ಎಂದಳು ನಿಲ್ದಾ, ಉದ್ದ ಜಡೆಯವಳು.
ಕ್ಲಚ್ಚನ್ನು ಕೇಳು, ಎಂದು ನಕ್ಕೆ. ಟೈರನ್ನು ಕೇಳು.
ಬರೆದುಕೊಂಡಳು: ಕ್ಲಚ್ಚು. ಟೈರು.
ಅವಳು ನಗಲಿಲ್ಲ.

ಆಮೇಲೆ ಎಲ್ಲಿ ನೋಡಿದರೂ ಅವರೇ.
ಬಕೆಟ್ಟು ಹೊತ್ತ ಮುದುಕಿಯ ಹಿಂದೆ ಮೆಟ್ಟಿಲು ಎಣಿಸುತ್ತ,
ಇನ್ನೂರ ಹನ್ನೊಂದು, ಎರಡು ಸಲ ಎಣಿಸಿದರಂತೆ;
ಪೀಪಾಯಿಗೆ ಕೋಲು ಇಳಿಸಿ
ತಳದ ಪಾಚಿ ಎಷ್ಟು ಬೆರಳು ಎಂದು ಅಳೆಯುತ್ತ.
ಗುಡ್ಡದ ಆಚೆ ಬದಿಗೂ ಹೋಗಿಬಂದರು,
ಎರಡು ಬಸ್ಸು ಬದಲಿಸಿ, ಗೋಡೆ ಸುತ್ತಿ.
ಅಲ್ಲಿಯ ಮಾಲಿ, ನಮ್ಮ ಓಣಿಯವನೇ,
ಯಜಮಾನರ ಬಿಲ್ಲು ಕದ್ದು ತೋರಿಸಿದ:
ಅವರ ಹುಲ್ಲು ಕುಡಿಯುವ ಒಂದು ಪೀಪಾಯಿಗೆ
ಅರ್ಧ ಸೋಲೂ ಇಲ್ಲ.

ಅಲ್ಲಿ ದುಡ್ಡನ್ನು ನೀರಿನಂತೆ ಖರ್ಚು ಮಾಡುತ್ತಾರಂತೆ.
ನಾವು ನೀರನ್ನೇ ದುಡ್ಡಿನಂತೆ:
ಮುಖ ತೊಳೆದದ್ದು ಬಟ್ಟೆಗೆ, ಬಟ್ಟೆ ಒಗೆದದ್ದು ನೆಲಕ್ಕೆ,
ನೆಲ ಒರೆಸಿದ್ದು ಡಬ್ಬಿಯೊಳಗಿನ ಜೆರೇನಿಯಂ ಗಿಡಕ್ಕೆ.

ಶನಿವಾರ ಸ್ಕೂಲಿನ ಅಂಗಳದಲ್ಲಿ ದೊಡ್ಡ ಹಾಳೆ ತೂಗುಹಾಕಿದರು.
ಗುಡ್ಡದಂತೆಯೇ ಏರುವ ಒಂದು ಕೆಂಪು ಗೆರೆ.
ಗೆರೆಯ ತುದಿಯಲ್ಲಿ ಪುಟ್ಟ ಲಾರಿ,
ಒಡೆದ ಎಡ ದೀಪವನ್ನೂ ಬಿಡದೆ ಬಿಡಿಸಿದ್ದರು.
ಜನ ಹಾಳೆ ನೋಡಿದರು. ಆಮೇಲೆ ನನ್ನನ್ನು.
ಎರಡು ದಿನ ಆ ಓಣಿಗಳ ಕಡೆ ಲಾರಿ ತಿರುಗಿಸಲಿಲ್ಲ.
ಬಾಗಿಲ ಮುಂದೆ ಪೀಪಾಯಿಗಳು ಬಾಯಿ ತೆರೆದು ಕೂತಿದ್ದವಂತೆ.
ಹೇಳಿಕೊಳ್ಳುವ ಮಾತಲ್ಲ ಇದು.

ಮೂರನೆಯ ಸಂಜೆ ಮನೆಗೇ ಬಂದರು:
ನಿಲ್ದಾ, ತೊದಲುವ ಕ್ಲೈದೆರ್, ಮಾತೇ ಆಡದ ಸೈದಾ.
"ಒಂದು ಪ್ರಶ್ನೆ ಬಿಟ್ಟುಹೋಗಿತ್ತು.
ನಿಮ್ಮ ಮನೆಯ ನೀರಿಗೆ ನೀವು ಎಷ್ಟು ಕೊಡುತ್ತೀರಿ?"

ಲಾರಿ ನನ್ನದಲ್ಲ. ನೀರೂ ನನ್ನದಲ್ಲ.
ಪಂಪಿನ ಒಡೆಯ ಲೀಟರು ಲೀಟರು ಲೆಕ್ಕವಿಟ್ಟು
ವಾರದ ಕೂಲಿಯಲ್ಲಿ ಮುರಿದುಕೊಳ್ಳುತ್ತಾನೆ.
ಎಷ್ಟು ಎಂದು...
"ಆರು," ಎಂದಳು ಒಳಗಿನಿಂದ ನನ್ನ ಹೆಂಡತಿ.
ಹತ್ತೊಂಬತ್ತು ವರ್ಷ ಅವಳು ಎಣಿಸಿದ್ದಳು.
ಕ್ಲೈದೆರ್ ಪೆನ್ಸಿಲು ಚೀಪುತ್ತ ನೆಲ ನೋಡಿದ.

ಮೊದಲು ಅವರು ಕಾವಳ ಹಿಡಿಯಲು ಬಲೆ ಹೊಲಿದರು,
ಈರುಳ್ಳಿ ಚೀಲ ಬಿಚ್ಚಿ, ಎರಡು ಗಳ ನೆಟ್ಟು.
ಒಂದು ವಾರದಲ್ಲಿ ಮೂರು ಬಕೆಟ್ಟು ಕೆಸರು ನೀರು,
ಎಂಟನೆಯ ದಿನ ಗಾಳಿ ಬಲೆಯನ್ನೇ ಹೊತ್ತೊಯ್ದಿತು.
ಸೈದಾ ಅತ್ತಳು. ಕ್ಲೈದೆರ್ ಬರೆದಿಟ್ಟ: ಗಳ ಸಣ್ಣದಾಯಿತು.

ಆಮೇಲೆ ನಕ್ಷೆ ಹಿಡಿದು ನನ್ನ ಬಳಿ ಬಂದರು.
ನಾಲ್ಕು ಓಣಿ ಸೇರಿ ಇಡೀ ಲೋಡು ಕೊಂಡರೆ?
ಮೇಲೆಲ್ಲಾದರೂ ಒಂದೇ ತೊಟ್ಟಿಗೆ ಸುರಿದು
ಕೊಳವೆಯಲ್ಲಿ ಇಳಿಯಬಿಟ್ಟರೆ?
ಲಾರಿ ಎಲ್ಲಿಯವರೆಗೆ ಹೋಗುತ್ತದೆ, ಎಲ್ಲಿ ತಿರುಗುತ್ತದೆ,
ಅದು ಯಾವ ಪುಸ್ತಕದಲ್ಲೂ ಇಲ್ಲವಂತೆ.
ನನ್ನ ಹೆಬ್ಬೆರಳಿನ ಗ್ರೀಸು ನಕ್ಷೆಯ ಮೇಲೆ ಬಿತ್ತು:
ಇಲ್ಲಿ. ಫುಟ್ಬಾಲ್ ಬಯಲಿನ ಹಿಂದೆ, ಬಂಡೆ ಕಡಿದ ಜಾಗ.

ತೊಟ್ಟಿ ಈಗ ಅಲ್ಲಿದೆ, ಹಳೆಯದು, ಒಂದು ಕಡೆ ಜಿನುಗುತ್ತದೆ.
ನಗರಸಭೆಗೆ ಬರೆದ ಕಾಗದಕ್ಕೆ ಉತ್ತರ ಬಂದಿಲ್ಲ.
ಮೂರು ಓಣಿ ಸೇರಿವೆ, ನಾಲ್ಕನೆಯದು ಮುನಿಸಿಕೊಂಡಿದೆ.
ಆರಿದ್ದದ್ದು ನಾಲ್ಕೂವರೆಗೆ ಇಳಿದಿದೆ.
ಇಳಿಯಿತಲ್ಲ, ಎಂದೆ ನಿಲ್ದಾಳಿಗೆ, ಸ್ವಲ್ಪ ಜಂಬದಿಂದಲೇ.
ನಾಲ್ಕೂವರೆ, ಎಂದು ಬರೆದುಕೊಂಡಳು,
ತಲೆಯೆತ್ತಿ ಗೋಡೆಯ ಕಡೆ ನೋಡಿದಳು.
"ಅರ್ಧ ಯಾಕಲ್ಲ?"

ಈ ಸಲ ಕ್ಲಚ್ಚಿನ ಹೆಸರು ಹೇಳಲಾಗಲಿಲ್ಲ.